ದಕ್ಷಿಣಕ್ಕೆ ಬೀಗ ಹಾಕಿರುವ ಮನೆ

ನಮ್ಮ ಪಕ್ಕದ ಸೀರೆ ಅಂಗಡಿಯ ಯಜಮಾನರು ಒಂದು ಭಾನುವಾರ ಬೆಳಿಗ್ಗೆ ಬಂದು ನಮ್ಮ ಜಗಲಿಯ ಮೇಲೆ ಕೂತರು. ಕೂರಿ ಎಂದು ನಾನೇನೂ ಹೇಳಿರಲಿಲ್ಲ. ಬಾಗಿಲಿಗೆ ನೀರು ಹಾಕುತ್ತಿದ್ದೆ, ಚೊಂಬು ಇನ್ನೂ ಕೈಯಲ್ಲೇ ಇತ್ತು. ಅವರು ಸೂರಿನ ಹೆಂಚನ್ನೂ ಕಂಬವನ್ನೂ ಒಂದು ಸಲ ನೋಡಿ, "ಟೀಚರಮ್ಮ, ಈ ಮನೆ ಯಾರ ಎಸ್ರಲ್ಲಿ ಅದೆ?" ಎಂದು ಕೇಳಿದರು.

"ಯಾರ ಹೆಸರಲ್ಲಿರುತ್ತೆ? ನಮ್ಮದೇ."

"ನಿಮ್ದು ಅಂತ ನಿಮ್ಗೂ ಗೊತ್ತು, ನಂಗೂ ಗೊತ್ತು. ಆಫೀಸ್ನೋರ್ಗೆ ಗೊತ್ತಾ ಅಂತ ಕೇಳ್ದೆ." ಅವರೇ ಮುಂದುವರಿಸಿದರು. "ನಗರಸಭೇಲಿ ನೋಡಿಸ್ದೆ. ನಿಮ್ಮೋರ್ದು ಯಾರ್ದೂ ಎಸ್ರಿಲ್ಲ. ಕಾಗ್ದ ಇಲ್ದಿರೋ ಮನೇನ ಬ್ಯಾರೆ ಯಾರೂ ಮೂಸ್ನೋಡಕಿಲ್ಲ. ನಾನಾದ್ರೆ ಪಕ್ಕದೋನು, ಏನೋ ಒಂದು ಕೊಡ್ತೀನಿ. ತಕಂಡು ಎಲ್ಲಾರ ನೆಮ್ದಿಯಾಗಿರಿ."

ನನ್ನ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ. ಮಕ್ಕಳಿಗೆ ಪಾಠ ಹೇಳಿ ಹೇಳಿ ಬಂದದ್ದೋ, ಹುಟ್ಟಿನಿಂದಲೇ ಬಂದದ್ದೋ ಗೊತ್ತಿಲ್ಲ. "ನನ್ನ ಮನೆ ಜಗಲಿ ಮೇಲೆ ಕೂತು ನನಗೇ ಎಲ್ಲಾದರೂ ಹೋಗು ಅಂತೀರಲ್ಲ, ಏಳ್ರಿ ಮೇಲೆ" ಎಂದೆ. ಅವರು ನಗುತ್ತಲೇ ಎದ್ದು ಹೋದರು. ಸುಮ್ಮನೆ ಹೆದರಿಸುವವನು ಹಾಗೆ ನಗುವುದಿಲ್ಲ. ಕಾಗದ ನೋಡಿಕೊಂಡು ಬಂದವನು ಮಾತ್ರ ಹಾಗೆ ನಗುತ್ತಾನೆ.

ಈ ಮನೆ ಕೊಳ್ಳೇಗಾಲದ ಮಗ್ಗದವರ ಬೀದಿಯಲ್ಲಿದೆ. ನಮ್ಮ ಮಾವನವರು ಕೊಂಡದ್ದು. ಅವರಿಗೆ ರೇಷ್ಮೆ ಕೊಟ್ಟು ಸೀರೆ ನೇಯಿಸಿಕೊಳ್ಳುತ್ತಿದ್ದ ಸಾಹುಕಾರರೇ ಮಾರಿದ್ದು ಎಂದು ಮನೆಯಲ್ಲಿ ಹೇಳುತ್ತಿದ್ದರು. ಮಾವನವರೂ ನೇಯ್ದರು, ನನ್ನ ಗಂಡನೂ ನೇಯ್ದರು. ನನಗೆ ಮಾತ್ರ ಸರ್ಕಾರಿ ಶಾಲೆಯ ಕೆಲಸ. ಹೆಚ್ಚು ವರ್ಷ ಹನೂರಿನ ಆಚೆ ಹೂಗ್ಯಂನಲ್ಲಿದ್ದೆ. ಅದು ಕಾಡಂಚಿನ ಊರು. ಸಂಜೆಯಾದರೆ ಆನೆ ರಸ್ತೆಗಿಳಿಯುತ್ತದೆ. ದಿನಾ ಹೋಗಿ ಬರುವ ಮಾತೇ ಇರಲಿಲ್ಲ. ಅಲ್ಲೇ ಒಂದು ಕೋಣೆ ಮಾಡಿಕೊಂಡು ಸೋಮವಾರ ಮೊದಲ ಬಸ್ಸಿಗೆ ಹೋಗಿ ಶನಿವಾರ ಬರುತ್ತಿದ್ದೆ. ಗಂಡ ತೀರಿಕೊಂಡ ಮೇಲೂ ಅದೇ ನಡೆಯಿತು. ಕೊನೆಯ ಕೆಲವು ವರ್ಷ ಯಳಂದೂರು ಕಡೆಯ ಅಗರಕ್ಕೆ ವರ್ಗವಾಗಿ, ಅಲ್ಲಿಂದಲೇ ನಿವೃತ್ತಳಾದೆ. ಮಕ್ಕಳಿಲ್ಲ. ಮನೆಗೆ ಬಂದು ನೆಮ್ಮದಿಯಾಗಿ ಕೂರೋಣ ಎಂದುಕೊಂಡಾಗ ಇವರು ಬಂದು ಈ ಮನೆ ಯಾರದು ಎಂದು ಕೇಳಿದ್ದು.

ಮರುದಿನವೇ ನಗರಸಭೆಗೆ ಹೋದೆ. ಅಂಗಡಿಯವರು ಹೇಳಿದ್ದು ಸುಳ್ಳಲ್ಲ. ಖಾತೆ ಇನ್ನೂ ಆ ಸಾಹುಕಾರರ ಹೆಸರಲ್ಲೇ ಇತ್ತು. ಅವರ ಮನೆತನದವರು ಊರು ಬಿಟ್ಟು ಎಷ್ಟೋ ಕಾಲವಾಗಿದೆ. ನಾವು ವರ್ಷ ವರ್ಷವೂ ಕಂದಾಯ ಕಟ್ಟಿದ್ದೆವು. ರಸೀದಿ ಮಾತ್ರ ಅವರ ಹೆಸರಿಗೆ ಬರುತ್ತಿತ್ತು. ನನ್ನ ಗಂಡ ಅದನ್ನು ಮಡಚಿ ದೇವರ ಗೂಡಿನ ಹಿಂದೆ ಇಡುತ್ತಿದ್ದರು. ಒಂದು ದಿನವಾದರೂ ಬಿಚ್ಚಿ ಓದಬಾರದಿತ್ತೇ! ನಾನಾದರೂ ಓದಬಾರದಿತ್ತೇ! ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸಿದವಳು ನಾನು.

ಖಾತೆ ನೋಡಿಕೊಳ್ಳುವ ಕೇಸ್ ವರ್ಕರ್ ಒಬ್ಬ ಸಮಾಧಾನದ ಮನುಷ್ಯ. "ಮೇಡಂ, ನಿಮ್ಮ ಮಾವನವರ ಕ್ರಯಪತ್ರ ತನ್ನಿ, ವಂಶವೃಕ್ಷ ತನ್ನಿ, ಇಸಿ ತನ್ನಿ. ಎಲ್ಲಾ ಹೊಂದ್ಕಂಡ್ರೆ ನಿಮ್ಮೆಸ್ರಿಗೇ ಇ-ಖಾತೆ ಆಯ್ತದೆ" ಎಂದ.

"ಹೊಂದದೇ ಇದ್ದರೆ?"

"ಕೋರ್ಟ್‌ಗೋಗ್ಬೇಕಾಯ್ತದೆ ಮೇಡಂ."

ಕೋರ್ಟಿನ ಮೆಟ್ಟಿಲು ಹತ್ತಿದವರನ್ನು ನಾನು ಕಂಡಿದ್ದೇನೆ. ಹತ್ತುವ ಶಕ್ತಿ ನನಗಿರಲಿಲ್ಲ. ಹಿಂದೆ ನಿಂತು ಬ್ಯಾಗು ಹಿಡಿಯಲಿಕ್ಕೂ ಯಾರೂ ಇಲ್ಲ.

ವಂಶವೃಕ್ಷ ಮಾಡಿಸಲು ನಾಡಕಚೇರಿಗೆ ಹೋದೆ. ಗ್ರಾಮ ಆಡಳಿತಾಧಿಕಾರಿ ಚಿಕ್ಕ ಹುಡುಗಿ. ಮಾವನವರ ಹೆಸರು ಬರೆದು, ಅದರ ಕೆಳಗೆ ನನ್ನ ಗಂಡನ ಹೆಸರು ಬರೆದು ಪಕ್ಕದಲ್ಲಿ ‘ಮರಣ’ ಎಂದು ಹಾಕಿ, ಅದರ ಕೆಳಗೆ ನನ್ನದು ಬರೆದಳು. "ಕೆಳಗಡೆ ಮೇಡಂ?" ಎಂದಳು.

"ಕೆಳಗಡೆ ಯಾರೂ ಇಲ್ಲ."

"ಅಕ್ಕಪಕ್ಕ? ಮೈದುನ, ನಾದಿನಿ?"

"ಅಕ್ಕಪಕ್ಕವೂ ಇಲ್ಲಮ್ಮಾ. ನೆಟ್ಟಗೆ ಒಂದೇ ಗೆರೆ."

ಆ ಹುಡುಗಿ, "ಸಲೀಸಾಯ್ತು ಬಿಡಿ ಮೇಡಂ, ಬೇರೆಯವರಿಗೆ ಎರಡು ಹಾಳೆ ಬೇಕಾಗುತ್ತೆ" ಎಂದಳು. ಒಳ್ಳೆಯದಕ್ಕೇ ಹೇಳಿದ್ದು. ನನಗೆ ಮಾತ್ರ ಮನೆಗೆ ಬಂದು ಅನ್ನಕ್ಕಿಡುವಷ್ಟು ಉಸಾಬರಿಯೂ ಬೇಡವಾಯಿತು. ಒಂದು ಲೋಟ ಮಜ್ಜಿಗೆ ಕುಡಿದು ಮಲಗಿದೆ.

ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ಒಂದು ಟೈಪಿಂಗ್ ಅಂಗಡಿ ಇದೆ. ನಡೆಸುವವಳು ನಡುವಯಸ್ಸಿನ ಹೆಂಗಸು. ಕಿವಿಗೆ ಫೋನು ಸಿಕ್ಕಿಸಿಕೊಂಡೇ ಟೈಪು ಮಾಡುತ್ತಾಳೆ. ಇಸಿ ಎಂದರೆ ಋಣಭಾರ ಪತ್ರ. ಒಂದು ಆಸ್ತಿ ಯಾರಿಂದ ಯಾರಿಗೆ ಹೋಯಿತು, ಅದರ ಮೇಲೆ ಸಾಲವಿದೆಯೇ ಎಂದು ತಿಳಿಸುವ ಕಾಗದ. ನಮ್ಮ ಮನೆಯದು ತೆಗೆಸಿದರೆ ‘ಯಾವ ವ್ಯವಹಾರವೂ ಇಲ್ಲ’ ಎಂದು ಬಂತು. ಕಂಪ್ಯೂಟರು ಬಂದಂದಿನಿಂದ ಈ ಮನೆಯನ್ನು ಯಾರೂ ಮಾರಿಲ್ಲ, ಕೊಂಡಿಲ್ಲ, ಅಡವಿಟ್ಟಿಲ್ಲ. ಏನೂ ನಡೆಯದ ಮನೆ. ನಾನು ಅದರಲ್ಲಿ ಉಂಡದ್ದು, ಅತ್ತದ್ದು, ಗಂಡನ ಬಾಯಿಗೆ ನೀರು ಬಿಟ್ಟದ್ದು ವ್ಯವಹಾರಕ್ಕೆ ಸೇರುವುದಿಲ್ಲವಲ್ಲ.

"ಅದಕ್ಕಿಂತ ಮುಂಚಿಂದು ಕೈಬರಹದ್ದು. ಅರ್ಜಿ ಆಕುದ್ರೆ ಹುಡುಕ್ತಾರೆ" ಎಂದಳು ಟೈಪಿಂಗ್‌ನವಳು. ಮಾವನವರ ಕ್ರಯಪತ್ರ ಮನೆಯಲ್ಲಿ ಎಲ್ಲಿ ಹುಡುಕಿದರೂ ಸಿಕ್ಕಿರಲಿಲ್ಲ, ಅದರ ನಕಲಿಗೂ ಸೇರಿಸಿ ಅರ್ಜಿ ಹಾಕಿದೆ. ಅದು ಸಿಗುವವರೆಗೆ ಕಾಯಬೇಕಲ್ಲ, ಆಗ ನನಗೊಂದು ಚಟ ಹತ್ತಿತು. ಮಾರ್ಗಸೂಚಿ ಬೆಲೆ, ಅಂದರೆ ಯಾವ ಬೀದಿಯಲ್ಲಿ ಚದರಕ್ಕೆ ಎಷ್ಟು ಬೆಲೆ ಎಂದು ಸರ್ಕಾರವೇ ಗೊತ್ತು ಮಾಡಿಟ್ಟಿರುತ್ತದೆ. ಅದನ್ನು ಯಾರು ಬೇಕಾದರೂ ಫೋನಿನಲ್ಲಿ ನೋಡಬಹುದು ಎಂದು ಅವಳೇ ತೋರಿಸಿಕೊಟ್ಟಳು. ನಾನು ನೋಡತೊಡಗಿದೆ. ಮೊದಲು ನಮ್ಮ ಬೀದಿ. ಆಮೇಲೆ ಬಸ್ ಸ್ಟ್ಯಾಂಡ್ ಹಿಂದಿನ ಬೀದಿ. ಆಮೇಲೆ ಯಳಂದೂರು, ಅಗರದ ಶಾಲೆಯ ಎದುರಿನ ಸಾಲುಮನೆಗಳು. ಕುಂತೂರಿನಲ್ಲಿ ಕಬ್ಬಿನ ಟ್ರಾಕ್ಟರುಗಳು ಸಾಲುಗಟ್ಟಿ ನಿಲ್ಲುವ ರಸ್ತೆಯ ಬದಿ. ಹೂಗ್ಯಂನಲ್ಲಿ ನಾನು ಬಾಡಿಗೆಗಿದ್ದ ಕೋಣೆಯ ಊರು. ಎಲ್ಲದಕ್ಕೂ ಬೆಲೆ ಇತ್ತು. ಸೀರೆ ಅಂಗಡಿಯವರು ‘ಏನೋ ಒಂದು’ ಎಂದರಲ್ಲ, ಸರ್ಕಾರದ ಬೆಲೆ ಆ ಏನೋ ಒಂದಕ್ಕಿಂತ ಎಷ್ಟೋ ಮೇಲಿತ್ತು. ಖದೀಮ! ಎಂದು ಒಬ್ಬಳೇ ಕೂತು ಜೋರಾಗಿ ಬೈದೆ. ಬೈದದ್ದು ಗೋಡೆಗೆ ಬಡಿದು ನನಗೇ ಕೇಳಿಸಿತು.

ಸಂಜೆ ಹೊತ್ತು ಹೀಗೆ ಮನೆಗಳನ್ನು ನೋಡುತ್ತ ಕೂರುವುದು ಒಂದು ಜೊತೆಯಂತೆ ಆಗಿಹೋಯಿತು. ಬೇರೆಯವರು ಟಿವಿ ನೋಡುವುದಿಲ್ಲವೇ, ಹಾಗೆ. ಒಂದೊಂದು ಬೀದಿಯ ಹೆಸರು ಒತ್ತಿದಾಗಲೂ ಅಲ್ಲಿ ನನಗೆ ಪರಿಚಯದವರು ಯಾರಿದ್ದರು ಎಂದು ನೆನೆಸಿಕೊಳ್ಳುತ್ತಿದ್ದೆ. ಇದ್ದವರು ಯಾರೂ ಈಗ ಅಲ್ಲಿಲ್ಲ. ಬೆಲೆ ಮಾತ್ರ ಏರಿತ್ತು.

ಕೈಬರಹದ ಕ್ರಯಪತ್ರ ಕೊನೆಗೂ ಸಿಕ್ಕಿತು. ದೃಢೀಕರಿಸಿದ ನಕಲು ಕೈಗೆ ಬಂದಾಗ ಆಫೀಸಿನ ಬೆಂಚಿನ ಮೇಲೆಯೇ ಕೂತು ಓದಿದೆ. ಸಾಹುಕಾರರು ಮಾರಿದ್ದು ನಿಜ, ಮಾವನವರು ಕೊಂಡದ್ದು ನಿಜ. ಆದರೆ ಮನೆಗೆ ನಂಬರು ಎಂಬುದೇ ಇರಲಿಲ್ಲ. ಆ ಕಾಲದಲ್ಲಿ ಚೆಕ್ಕುಬಂದಿ ಬರೆದರೆ ಸಾಕಾಗುತ್ತಿತ್ತು. ನಾಲ್ಕು ದಿಕ್ಕಿಗೆ ಏನೇನಿದೆ, ಯಾರ್ಯಾರ ಮನೆಯಿದೆ ಎಂದು ಬರೆಯುವುದು. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಗಲ್ಲಿ, ಉತ್ತರಕ್ಕೆ ಇಂಥವರ ಮನೆ, ದಕ್ಷಿಣಕ್ಕೆ ಇಂಥವರ ಮನೆ. ಇವರ ನಡುವೆ ಇರುವುದು ನಮ್ಮದು ಎಂದು ಅರ್ಥ. ಅಕ್ಕಪಕ್ಕದವರಿದ್ದರೆ ಮಾತ್ರ ನಾವಿದ್ದೇವೆ.

ಕೇಸ್ ವರ್ಕರ್ ಅದನ್ನು ನೋಡಿ ತಲೆ ಕೆರೆದುಕೊಂಡ. "ಇದು ನಿಮ್ಮನೇದೇ ಅಂತ ನಾನೆಂಗ್ ಯೋಳನ ಮೇಡಂ? ಅಕ್ಕಪಕ್ಕದ ಮನೇರ ಪತ್ರದಲ್ಲಿ ನಿಮ್ಮ ಮಾವನವರ ಎಸ್ರು ಬಂದಿದ್ರೆ ತಾಳೆ ನೋಡ್ಬೋದು. ತೆಗ್ಸ್ಕಂಡು ಬನ್ನಿ."

"ಬೇರೆಯವರ ಪತ್ರ ನನಗೆ ಕೊಡ್ತಾರಾ?"

"ಯಾರ್ದು ಬೇಕಾದ್ರೂ ಯಾರಿಗ್ಬೇಕಾದ್ರೂ ಕೊಡ್ತಾರೆ. ರಿಜಿಸ್ಟರ್ ಆದ್ಮೇಲೆ ಗುಟ್ಟೇನದೆ?"

ಹಾಗೆ ನಾನು ನೆರೆಹೊರೆಯವರ ಇಸಿ ತೆಗೆಸಿದೆ, ಪತ್ರಗಳ ನಕಲು ತೆಗೆಸಿದೆ. ದಕ್ಷಿಣದ ಮನೆಯ ಹಳೆಯ ಪತ್ರದಲ್ಲಿ ‘ಉತ್ತರಕ್ಕೆ’ ಎಂದಿದ್ದ ಕಡೆ ಮಾವನವರ ಹೆಸರು ಸ್ಪಷ್ಟವಾಗಿತ್ತು. ಕಣ್ಣಿಗೊತ್ತಿಕೊಂಡೆ. ಉಳಿದದ್ದು ಉತ್ತರದ ಮನೆ, ಅಂದರೆ ಈಗ ಸೀರೆ ಅಂಗಡಿಯಾಗಿರುವ ಜಾಗ. ಅಲ್ಲಿ ಮೊದಲು ಇದ್ದದ್ದು ಇನ್ನೊಂದು ಮಗ್ಗದ ಮನೆ. ಆ ಮನೆಯಾಕೆ ನನಗೆ ಈ ಬೀದಿಯಲ್ಲಿ ಇದ್ದ ಒಬ್ಬಳೇ ಗೆಳತಿ. ನನಗಿಂತ ಐದಾರು ವರ್ಷ ಚಿಕ್ಕವಳು. ಅವಳ ಮನೆಯೊಳಗೆ ಬೇರೆ ಮಾತು, ಬೀದಿಗೆ ಬಂದರೆ ಅಚ್ಚ ನಮ್ಮ ಕನ್ನಡ. ನಾನು ಶನಿವಾರ ಬಂದು ಬಾಗಿಲು ತೆಗೆದರೆ ಭಾನುವಾರ ಮಧ್ಯಾಹ್ನ ಹಿತ್ತಿಲ ಗೋಡೆಯ ಮೇಲಿಂದ ಒಂದು ಬಟ್ಟಲು ಹುಳಿಯೋ ಪಲ್ಯವೋ ಬರುತ್ತಿತ್ತು. ಮಗ ಹನೂರಿನಲ್ಲಿ ರೆಡಿಮೇಡ್ ಬಟ್ಟೆ ಅಂಗಡಿ ಹಾಕಿದ ಮೇಲೆ ಈ ಮನೆ ಮಾರಿ ಎಲ್ಲರೂ ಅಲ್ಲಿಗೆ ಹೋದರು. ನಾನು ಹೂಗ್ಯಂನಲ್ಲಿದ್ದ ವಾರದಲ್ಲಿ ಮಾರಾಟ ಮುಗಿದಿತ್ತು. ಶನಿವಾರ ಬಂದು ನೋಡಿದರೆ ಸಾಮಾನು ಕಟ್ಟುತ್ತಿದ್ದರು.

ಅವಳು ಮಾರಿದ ಪತ್ರದ ನಕಲಿನಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಒಂದು ಹೆಂಗಸಿನ ಹೆಸರು. ಮಾರುವವರು ಎಂಬಲ್ಲಿ. ಇದು ಯಾರು ಎಂದು ಒಂದು ಗಳಿಗೆ ಯೋಚಿಸಿದೆ. ಆಮೇಲೆ ತಿಳಿಯಿತು, ಅವಳೇ. ಅದು ಅವಳ ಹೆಸರು! ಅಷ್ಟು ವರ್ಷ ಒಂದೇ ಗೋಡೆಯ ಆಚೆ ಈಚೆ ಇದ್ದು, ಅವಳ ಹೆಸರು ನನಗೆ ಗೊತ್ತಿರಲಿಲ್ಲ. ನಮ್ಮ ಬೀದಿಯಲ್ಲಿ ಹೆಂಗಸರನ್ನು ಹೆಸರು ಹಿಡಿದು ಕರೆಯುವ ರೂಢಿ ಇಲ್ಲ. ಅಕ್ಕ, ಅತ್ತಿಗೆ, ದೊಡ್ಡವ್ವ, ಇಲ್ಲವೇ ಇಂಥವನ ತಾಯಿ. ನಾನು ಅವಳನ್ನು ಅವಳ ದೊಡ್ಡ ಮಗನ ಹೆಸರಿಗೆ ಅವ್ವ ಸೇರಿಸಿ ಕರೆಯುತ್ತಿದ್ದೆ. ಅವಳು ನನ್ನನ್ನು ಅಕ್ಕ ಎನ್ನುತ್ತಿದ್ದಳು. ನನಗೆ ಮಕ್ಕಳಿಲ್ಲದ್ದರಿಂದ ಉಳಿದವರಿಗೆಲ್ಲ ನಾನು ಬರೀ ಟೀಚರಮ್ಮ.

ಆಮೇಲೆ ಚೆಕ್ಕುಬಂದಿ ಓದಿದೆ. ‘ಪೂರ್ವಕ್ಕೆ ರಸ್ತೆ. ಪಶ್ಚಿಮಕ್ಕೆ ಗಲ್ಲಿ.’ ಉತ್ತರದ ಮನೆಯವರ ಹೆಸರು. ‘ದಕ್ಷಿಣಕ್ಕೆ ಬೀಗ ಹಾಕಿರುವ ಮನೆ.’

ಮತ್ತೆ ಓದಿದೆ. ಮಾವನವರ ಹೆಸರಿಲ್ಲ, ಗಂಡನ ಹೆಸರಿಲ್ಲ, ನನ್ನದಿಲ್ಲ. ಬೀಗ! ಬೀಗಕ್ಕೆ ಇದ್ದಷ್ಟು ಮರ್ಯಾದೆ ನನಗಿಲ್ಲದೆ ಹೋಯಿತೇ? ಟೈಪಿಂಗ್ ಅಂಗಡಿಯ ಸ್ಟೂಲಿನ ಮೇಲೆ ಕೂತು ಎಲ್ಲರೆದುರೇ ಕಣ್ಣೀರು ಹಾಕಿದೆ. ಆ ಹೆಂಗಸು ಕಿವಿಯಿಂದ ಫೋನು ತೆಗೆದು, "ಯಾಕ್ ಮೇಡಂ, ಪತ್ರದಲ್ಲಿ ಏನಾರ ಮೋಸ ಆಗಿದ್ಯಾ?" ಎಂದಳು. ಮೋಸ ಇಲ್ಲಮ್ಮಾ ಎಂದೆ.

ನಗರಸಭೆಗೆ ಒಯ್ದರೆ ಕೇಸ್ ವರ್ಕರ್ ಕೂಡ ಅದೇ ಸಾಲಿಗೆ ಬಂದು ನಿಂತುಬಿಟ್ಟ. ದಕ್ಷಿಣದವರ ಪತ್ರ ತಾಳೆಯಾಗುತ್ತದೆ, ಉತ್ತರದವರದು ಆಗುವುದಿಲ್ಲ. ಬೀಗ ಹಾಕಿರುವ ಮನೆ ಎಂದರೆ ಯಾರ ಮನೆ? "ಆ ಮಾರಿದೋರಿಂದ ಒಂದು ಅಫಿಡವಿಟ್ ಮಾಡ್ಸಿ ಮೇಡಂ. ಬೀಗ ಆಕಿದ್ದ ಮನೆ ಇವ್ರದ್ದೇ, ಇವ್ರು ಅಲ್ಲಿ ವಾಸ ಅವ್ರೆ ಅಂತ. ಅದಿದ್ರೆ ನಾನು ಫೈಲ್ ಮೇಲಕ್ಕೆ ಕಳಿಸ್ತೀನಿ. ಇಲ್ದಿದ್ರೆ ನಂಗೂ ಕಷ್ಟ."

ಅಂದರೆ ಈ ಮನೆ ನನಗೆ ಉಳಿಯುವುದೂ ಬಿಡುವುದೂ ಈಗ ಅವಳ ಮಾತಿನ ಮೇಲೆ ನಿಂತಿತು. ನನ್ನನ್ನು ಬೀಗ ಎಂದು ಬರೆಸಿದವಳ ಮಾತಿನ ಮೇಲೆ!

ಹನೂರಿಗೆ ಹೊರಟೆ. ಬಸ್ಸಿನ ತುಂಬ ಬೆಟ್ಟಕ್ಕೆ ಹೋಗುವ ಮಾದಪ್ಪನ ಒಕ್ಕಲು, ಅರ್ಧ ಜನ ತಮಿಳಿನಲ್ಲಿ ಮಾತಾಡುತ್ತಿದ್ದರು. ಈ ದಾರಿಯಲ್ಲಿ ಎಷ್ಟು ಸಲ ಓಡಾಡಿದ್ದೆನೋ. ಆಗೆಲ್ಲ ನನ್ನ ಮಡಿಲಲ್ಲಿ ಮಕ್ಕಳ ಕಾಪಿ ಪುಸ್ತಕದ ಕಟ್ಟು ಇರುತ್ತಿತ್ತು. ಇವತ್ತು ಅವಳ ಪತ್ರದ ನಕಲು. ದಾರಿಯುದ್ದಕ್ಕೂ ಅವಳಿಗೆ ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಬೈಗುಳ ಜೋಡಿಸುತ್ತಿದ್ದೆ.

ಅಂಗಡಿಯ ಹಿಂದೆಯೇ ಮನೆ. ಅವಳು ಮೊರ ಹಿಡಿದು ಹುರುಳಿ ಹಸನು ಮಾಡುತ್ತಿದ್ದಳು. ನನ್ನನ್ನು ನೋಡಿದ್ದೇ ಮೊರ ಬದಿಗಿಟ್ಟಳು. "ಅಕ್ಕಾ! ನೀನಾ! ದಾರಿಗೀರಿ ತಪ್ಪಿ ಬಂದ್ಯಾ?"

"ದಾರಿ ತಪ್ಪಿ ಅಲ್ಲ. ಜಗಳ ಆಡೋಕೆ ಬಂದಿದ್ದೀನಿ."

"ಜಗ್ಳ ಆಮ್ಯಾಕೆ ಆಡುವೆ, ಮೊದ್ಲು ಕೂತ್ಕೊ. ಬಿಸ್ಲಲ್ಲಿ ಬಂದಿದ್ದೀಯ."

ಕೂರಲಿಲ್ಲ. ನಿಂತೇ ಪತ್ರ ತೆಗೆದೆ. ಅವಳಿಗೆ ಓದು ಬರುವುದಿಲ್ಲ. ನಾನೇ ಓದಿ ಹೇಳಿದೆ. ದಕ್ಷಿಣಕ್ಕೆ ಬೀಗ ಹಾಕಿರುವ ಮನೆ. ಅವಳು ಕೇಳಿ, "ಸರಿಯಾಗೇ ಅದಲ್ಲ?" ಎಂದಳು. "ಅವತ್ತು ಬೀಗ ಆಕಿತ್ತಲ್ವಾ?"

"ಅಯ್ಯೋ ನಿನ್ನ! ನನ್ನ ಹೆಸರು ಹೇಳೋಕೆ ನಿನಗೇನಾಗಿತ್ತು ಧಾಡಿ?"

"ನಿನ್ನೆಸ್ರೇನು?" ಎಂದಳು.

ಕೊಂಕಿಲ್ಲ, ಮೊನೆಯಿಲ್ಲ. ನಿಜವಾಗಿಯೂ ಕೇಳಿದ್ದು. ನಾನಾಗಲೇ ಕೂತುಬಿಟ್ಟಿದ್ದೆ.

ಅವಳು ಆ ದಿನದ್ದನ್ನು ಹೇಳಿದಳು. "ನಮ್ಮೋರು ಚಲನ್ ಕಟ್ಟಕ್ಕೆ ಬ್ಯಾಂಕ್‌ಗೋಗಿದ್ರು. ನಾನೊಬ್ಳೇ ಕೂತಿದ್ದೆ. ಪತ್ರ ಬರ್ಯೋನು ತೆಂಕ್ಲಾಗೆ ಯಾರ ಮನೆ ಅಂದ. ನಮ್ಮಕ್ಕನ ಮನೆ ಅಂದೆ. ಅಕ್ಕನ ಎಸ್ರೇನು ಅಂದ. ಟೀಚರಮ್ಮ ಅಂದೆ. ಅದು ಎಸ್ರಲ್ಲ ಕಣವ್ವಾ ಅಂದ. ನಿಮ್ಮ ಯಜಮಾನ್ರ ಎಸ್ರ ಯೋಳ್ದೆ. ಅವ್ರಿದ್ದಾರಾ ಅಂದ. ಇಲ್ಲ, ತೀರ್ಕಂಡ್ರು ಅಂದೆ. ಸತ್ತೋರೆಸ್ರು ಬ್ಯಾಡ, ಈಗ ಮನೇಲಿ ಯಾರವ್ರೆ ಅಂದ. ಈಗ ಬೀಗ ಆಕದೆ, ಶನಿವಾರ ಬತ್ತಾರೆ ಅಂದೆ. ಅವ್ನು ಶನಿವಾರ ಬುಟ್ಬುಟ್ಟು ಬೀಗ ಮಾತ್ರ ಬರ್ದವ್ನೆ. ನಾನೇನ್ ಮಾಡ್ಲಿ?"

ನಾನು ಕಟ್ಟಿಕೊಂಡು ಬಂದಿದ್ದ ಬೈಗುಳವೆಲ್ಲ ಎಲ್ಲಿ ಹೋಯಿತೋ. ನನಗೂ ಅವಳ ಹೆಸರು ಗೊತ್ತಾದದ್ದು ಇದೇ ಕಾಗದದಿಂದ ಎಂದು ಹೇಳಲು ನಾಲಿಗೆ ಏಳಲಿಲ್ಲ. ಅಫಿಡವಿಟ್ಟಿನ ವಿಷಯ ಹೇಳಿದೆ. ಟೈಪಿಂಗ್‌ನವಳು ಮೊದಲೇ ಬರೆದುಕೊಟ್ಟಿದ್ದ ಕರಡನ್ನೂ ಓದಿದೆ. ‘ಸದರಿ ಮನೆಯಲ್ಲಿ ಇವರು ನಿರಂತರವಾಗಿ ವಾಸವಾಗಿದ್ದಾರೆಂದು ಪ್ರಮಾಣ ಮಾಡಿ ಹೇಳುತ್ತೇನೆ.’

"ನಿರಂತರ ಅಂದ್ರೆ?"

"ಬಿಡದ ಹಾಗೆ. ಯಾವಾಗಲೂ."

ಅವಳು ಹುರುಳಿಯಲ್ಲಿ ಬೆರಳಾಡಿಸಿದಳು. ಆಮೇಲೆ, "ಅದು ಸುಳ್ಳಲ್ವಾ ಅಕ್ಕಾ?" ಎಂದಳು. "ನೀನೆಲ್ಲಿದ್ದೆ? ನಿಮ್ಮ ಯಜಮಾನ್ರಿದ್ರು, ನಾವಿದ್ವಿ. ನೀನು ಬತ್ತಿದ್ದೆ, ಓಯ್ತಿದ್ದೆ. ಅವ್ರಿಗೆ ಜರ ಬಂದಾಗ ಗಂಜಿ ಕೊಟ್ಟೋಳು ನಾನು. ಮಾದಪ್ಪನ ಮೇಲೆ ಆಣೆ ಮಾಡಿ ಸುಳ್ಳು ಯೋಳ್ಲಾ?"

ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಸಂಬಳಕ್ಕಾಗಿ ಹೋಗುತ್ತಿದ್ದೆ, ಮಗ್ಗದಿಂದ ಮನೆ ನಡೆಯುತ್ತಿರಲಿಲ್ಲ, ಅದು ಅವಳಿಗೂ ಗೊತ್ತು. ಆದರೂ ನಾನು ನನ್ನದು ಎಂದು ಹೊಡೆದಾಡುತ್ತಿರುವ ಮನೆಯಲ್ಲಿ ಎಷ್ಟು ದಿನ ಇದ್ದೆ? ಇದ್ದ ದಿನ ಎಲ್ಲಾ ಸೇರಿಸಿದರೆ ಭಾನುವಾರಗಳ ಒಂದು ಸಣ್ಣ ಗಂಟು. "ಹಾಗಾದರೆ ಬಿಡು" ಎಂದು ಎದ್ದೆ. "ಅಂಗಡಿಯವನಿಗೇ ಕೊಟ್ಟು ಎಲ್ಲಾದರೂ ಹೋಗ್ತೀನಿ. ಯಾರಿಗೇನು ನಷ್ಟ?" ಪತ್ರ ಮಡಚಿ ಬ್ಯಾಗಿಗೆ ಹಾಕಿದೆ.

"ಕೂತ್ಕೊಳ್ಳೆ ಸುಮ್ನೆ!" ಎಂದು ಗದರಿದಳು. ಅಕ್ಕ ಎನ್ನುವವಳು ಕೂತ್ಕೊಳ್ಳೆ ಎಂದದ್ದು ಅದೇ ಮೊದಲು. "ಸುಳ್ಳು ಬರ್ಸಾಕಿಲ್ಲ ಅಂದೆ. ಬರ್ಸಾಕೇ ಇಲ್ಲ ಅಂದ್ನಾ? ನಂಗೆ ಗೊತ್ತಿರೋದ ಬರ್ಸು. ಶನಿವಾರ ಬೈಗಿಗೆ ನಿಮ್ಮ ಹಿತ್ಲಾಗೆ ನಲ್ಲಿ ಬುಡೋ ಸದ್ದಾಯ್ತಿತ್ತು. ಅಕ್ಕ ಬಂದ್ಲು ಅನ್ಕತ್ತಿದ್ದೆ. ಮಳೆ ಬಂದು ಬಸ್ಸಿಲ್ದೆ ನೀನು ಬರ್ದೇ ಇದ್ರೆ, ಯಾಕೋ ಸದ್ದಿಲ್ವಲ್ಲ ಅಂತ ಗ್ವಾಡೆ ಮ್ಯಾಲಿಂದ ನೋಡ್ತಿದ್ದೆ. ಅವ್ರು ತೀರ್ಕಂಡ್ಮೇಲೂ ನೀನು ಅದೇ ಮನೆಗೆ ಬಂದೆ, ಇನ್ನೆಲ್ಲಿಗೂ ಓಗ್ನಿಲ್ಲ. ಇದ್ನ ಬರ್ಸು. ಮಾದಪ್ಪನ ಮುಂದೆನೂ ಯೋಳ್ತೀನಿ, ಮ್ಯಾಜಿಸ್ಟ್ರೇಟ್ ಮುಂದೆನೂ ಯೋಳ್ತೀನಿ."

ಗೋಡೆಯ ಆಚೆ ಯಾರೋ ನನ್ನ ನಲ್ಲಿಯ ಸದ್ದಿಗೆ ಕಿವಿಗೊಟ್ಟಿದ್ದರು. ನನಗದು ತಿಳಿದಿರಲಿಲ್ಲ. ತಿಳಿದಿದ್ದರೆ ಆ ಸಂಜೆಗಳು ಅಷ್ಟು ಉದ್ದ ಅನ್ನಿಸುತ್ತಿರಲಿಲ್ಲವೇನೋ.

ಮುಂದಿನ ವಾರ ಅವಳು ಮಗನ ಬೈಕಿನ ಹಿಂದೆ ಕೂತು ಕೊಳ್ಳೇಗಾಲಕ್ಕೆ ಬಂದಳು. ಟೈಪಿಂಗ್‌ನವಳು ‘ನಿರಂತರ’ ತೆಗೆದು ‘ವಾರದ ಕೊನೆಯಲ್ಲಿ ತಪ್ಪದೆ ಬಂದು ವಾಸ ಮಾಡುತ್ತಿದ್ದು, ಬೇರೆಲ್ಲೂ ಸ್ವಂತ ಮನೆ ಇಲ್ಲದ’ ಎಂದು ಹಾಕಿದಳು. ನಲ್ಲಿಯ ಸದ್ದನ್ನು ಹಾಕಲು ಒಪ್ಪಲಿಲ್ಲ. "ಅದೆಲ್ಲ ಅಫಿಡವಿಟ್‌ಗೆ ಬರಕಿಲ್ಲ ಕಣಮ್ಮಾ" ಎಂದಳು. ಹೆಸರಿನ ಜಾಗ ಬಂದಾಗ ಗೆಳತಿ ನನ್ನ ಕಡೆ ತಿರುಗಿದಳು. "ಯೋಳಕ್ಕಾ ಈಗ, ನಿನ್ನೆಸ್ರೇನು?"

ಹೇಳಿದೆ. ನನ್ನ ಬಾಯಿಂದಲೇ ಅದು ಹೊರಗೆ ಬಂದು ಎಷ್ಟು ಕಾಲವಾಗಿತ್ತೋ. ನನ್ನ ಗಂಡನೂ ನನ್ನನ್ನು ಹೆಸರು ಹಿಡಿದು ಕರೆದವರಲ್ಲ. ಅವರಿಗೆ ನಾನು ‘ಏನೇ’. ಅಪ್ಪ ಅಮ್ಮ ಹೋದ ಮೇಲೆ ಆ ಹೆಸರು ಸಂಬಳದ ಚೀಟಿಯಲ್ಲಿ, ಬ್ಯಾಂಕಿನ ಪುಸ್ತಕದಲ್ಲಿ ಇದ್ದದ್ದು ಅಷ್ಟೇ. ಅವಳು ಅದನ್ನು ಒಂದು ಸಲ ಬಾಯಲ್ಲಿ ಹೇಳಿ ನೋಡಿದಳು. "ಚೆನ್ನಾಗದೆ ಕಣಕ್ಕಾ" ಎಂದಳು. ಆಮೇಲೆ ನೋಟರಿಯ ಮುಂದೆ ಹೆಬ್ಬೆಟ್ಟು ಒತ್ತಿದಳು. ಊಟ ಮಾಡಿಕೊಂಡು ಹೋಗು ಎಂದರೆ ಮಗನಿಗೆ ಅಂಗಡಿ ತೆಗೆಯುವ ಹೊತ್ತು ಎಂದು ಹೊರಟುಹೋದಳು.

ಫೈಲು ಮೇಲಕ್ಕೆ ಹೋಯಿತು. ಮೂವತ್ತು ದಿನದ ಆಕ್ಷೇಪಣೆಯ ನೋಟೀಸು ಬಾಗಿಲಿಗೆ ಅಂಟಿಸಿದರು. ಆ ಕಾಲವೆಲ್ಲ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಸಾಹುಕಾರರ ಮನೆತನದವರು ಯಾರಾದರೂ ಬರುತ್ತಾರೇನೋ, ಸೀರೆ ಅಂಗಡಿಯವರು ಏನಾದರೂ ಹೂಡುತ್ತಾರೇನೋ ಎಂದು ಗೇಟು ಸದ್ದಾದರೆ ಎದ್ದು ಕಿಟಕಿಗೆ ಓಡುತ್ತಿದ್ದೆ. ಯಾರೂ ಬರಲಿಲ್ಲ. ಗೇಟು ತಟ್ಟಿದ್ದು ಗ್ಯಾಸ್ ಸಿಲಿಂಡರಿನವನು ಒಬ್ಬನೇ.

ಇ-ಖಾತೆ ಕೈಗೆ ಬಂದ ದಿನ ಕೇಸ್ ವರ್ಕರ್, "ಸ್ವೀಟ್ ಕೊಡ್ಸಲ್ವಾ ಮೇಡಂ?" ಎಂದ. ಅವರ ಆಫೀಸಿನವರಿಗೆಲ್ಲ ಮೈಸೂರು ಪಾಕು ತರಿಸಿಕೊಟ್ಟೆ. ಬರುವಾಗ ಸೀರೆ ಅಂಗಡಿಯ ಮೆಟ್ಟಿಲು ಹತ್ತಿ, ಯಜಮಾನರ ಮೇಜಿನ ಮೇಲೆ ಖಾತೆ ಇಟ್ಟು, "ಆಫೀಸಿನವರಿಗೆ ಗೊತ್ತಾಯ್ತು, ನೋಡಿಕೊಳ್ಳಿ" ಎಂದೆ. ಅವರು ಕನ್ನಡಕ ಏರಿಸಿ ಓದಿ, "ಒಳ್ಳೇದಾಯ್ತು ಬಿಡಿ ಟೀಚರಮ್ಮ. ಈಗ ಎಷ್ಟಕ್ಕೆ ಯೋಳ್ತೀರಾ?" ಎಂದರು. ಬೀದಿಯ ಬೆಲೆ ನನಗೆ ಬಾಯಿಪಾಠವಾಗಿತ್ತು. ಆದರೂ ಹೇಳಲಿಲ್ಲ. "ಮಾರೋದಾದರೆ ನಿಮಗಂತೂ ಅಲ್ಲ" ಎಂದು ಇಳಿದು ಬಂದೆ. ಆ ಉತ್ಸಾಹ ನಮ್ಮ ಹೊಸ್ತಿಲವರೆಗೆ ಇತ್ತು.

ಒಳಗೆ ಬಂದು ಖಾತೆಯನ್ನು ಊಟದ ಮೇಜಿನ ಮೇಲೆ ಹರಡಿದೆ. ನನ್ನ ಫೋಟೋ. ನನ್ನ ಹೆಸರು, ದಪ್ಪ ಅಕ್ಷರದಲ್ಲಿ. ಮನೆ ನನ್ನದಾಯಿತು, ಇನ್ನು ಯಾರೂ ಏಳು ಎನ್ನುವ ಹಾಗಿಲ್ಲ. ಯಾರಿಗೆ ತೋರಿಸಲಿ? ಗಂಡನ ಪಟದ ಮುಂದೆ ಹಿಡಿದೆ. ಅಡುಗೆಮನೆಗೆ ಹೋಗಿ ಬಂದು ಮತ್ತೆ ನೋಡಿದೆ. ಆಮೇಲೆ ಹನೂರಿಗೆ ಫೋನು ಮಾಡಿದೆ.

ಮಗ ಎತ್ತಿದ. "ಯಾರು?"

"ಟೀಚರಮ್ಮ ಕಣಪ್ಪಾ, ಕೊಳ್ಳೇಗಾಲದಿಂದ. ನಿಮ್ಮ ಅವ್ವನಿಗೆ ಕೊಡು."

"ಅವ್ವಾ, ಟೀಚರಮ್ಮ!" ಎಂದು ಅವನು ಒಳಕ್ಕೆ ಕೂಗಿದ್ದು ಕೇಳಿಸಿತು. ಒಳಗಿಂದ ಅವಳ ದನಿಯೂ ಕೇಳಿಸಿತು. "ಟೀಚರಮ್ಮ ಅನ್ಬ್ಯಾಡ ಕಣ್ಲಾ. ಅವ್ರಿಗೂ ಒಂದೆಸ್ರದೆ. ನಾನೇ ಬರ್ಸಿವ್ನಿ."

"ಏನೆಸ್ರು?"

"ಅದೇ ಕಣ್ಲಾ..." ಎಂದು ತಡವರಿಸಿದಳು. "ಥೂ, ನನ್ನ ಗ್ಯಾನಕ್ಕಿಷ್ಟು ಬೆಂಕಿ ಆಕ. ಬಾಯ್ತುದೀಲೇ ಅದೆ, ಬರಾಕಿಲ್ಲ." ಫೋನು ಕೈಗೆ ತೆಗೆದುಕೊಂಡು, "ಅಕ್ಕಾ, ಬ್ಯಾಸ್ರ ಮಾಡ್ಕಬ್ಯಾಡ. ಅವತ್ತು ನಿನ್ನೆಸ್ರು ಏನಂದೆ?" ಎಂದಳು.

ಕಾಗದ ನನ್ನ ಎದುರಿಗೇ ಇತ್ತು. ಓದಿ ಹೇಳಿದರೆ ಆಗುತ್ತಿತ್ತು.

"ಅಕ್ಕ ಅಂತಲೇ ಕರಿ" ಎಂದೆ. ಹಾಗೆ ಕರೆಯುವವಳು ಈಗ ಅವಳೊಬ್ಬಳೇ.